ಔಷಧಕ್ಕಂತ ಗಾಂಜಾ: ಬೇಡ ಅನ್ನುವ ಅಧಿಕಾರ ಯಾರದು, ಕೊಡುವ ಅಧಿಕಾರ ಯಾರದು?

ಪ್ರಶ್ನೆ: ನಮ್ಮದು ಸಿಂಧನೂರು ತಾಲೂಕು. ಅಪ್ಪನಿಗೆ ಕ್ಯಾನ್ಸರ್, ಮೂಳೆಗೂ ಹರಡಿದೆ. ನೋವಿಗೆ ರಾತ್ರಿ ನಿದ್ದೆಯೇ ಇಲ್ಲ. ಗಾಂಜಾ ಎಣ್ಣೆ ಕೊಟ್ಟರೆ ನೋವು ಇಳಿಯುತ್ತೆ ಅಂತ ಊರಲ್ಲಿ ಒಬ್ಬರು ಹೇಳ್ತಾರೆ, ಅಮೆರಿಕದಲ್ಲಿ ಡಾಕ್ಟರುಗಳೇ ಬರೆದುಕೊಡ್ತಾರಂತೆ. ಔಷಧಕ್ಕೆ ಬಳಸೋದನ್ನೂ ತಡೆಯುವ ಅಧಿಕಾರ ಸರ್ಕಾರಕ್ಕೆ ಇದೆಯಾ ಸರ್? ನಮ್ಮ ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಅನುಮತಿ ಕೊಡಬಹುದಾ, ಇಲ್ಲ ಕೇಂದ್ರವೇ ಒಪ್ಪಬೇಕಾ? ಅಪ್ಪನಿಗೋಸ್ಕರ ಹೊಲದ ಬದುವಿನಲ್ಲಿ ಎರಡೇ ಎರಡು ಗಿಡ ಹಾಕಿದರೆ ಏನಾಗುತ್ತೆ?

ಉತ್ತರ:

ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಉಳಿದದ್ದನ್ನು ನಿಧಾನವಾಗಿ ಓದಬಹುದು, ಇದನ್ನು ಇವತ್ತೇ ತಿಳಿದುಕೊಳ್ಳಬೇಕು. ಗಿಡ ಹಾಕಬೇಡಿ. ಒಂದೂ ಬೇಡ.

ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ ಸೆಕ್ಷನ್ 20ರಲ್ಲಿ ಗಿಡ ಬೆಳೆಸುವುದೇ ಒಂದು ಬೇರೆ ಅಪರಾಧ. ಅದಕ್ಕೆ 10 ವರ್ಷದವರೆಗೆ ಕಠಿಣ ಶಿಕ್ಷೆ, ಜೊತೆಗೆ 1 ಲಕ್ಷ ರೂಪಾಯಿವರೆಗೆ ದಂಡ. ಎರಡು ಗಿಡವೋ ಇನ್ನೂರು ಗಿಡವೋ ಅಂತ ಆ ಸಾಲು ಲೆಕ್ಕ ಹಾಕಲ್ಲ. ಅದೇ ಒಬ್ಬನ ಜೇಬಿನಲ್ಲಿ 900 ಗ್ರಾಂ ಒಣಗಾಂಜಾ ಸಿಕ್ಕಿತು ಅನ್ನಿ, ಅದು 1 ಕಿಲೋ ಒಳಗಿನ 'ಸಣ್ಣ ಪ್ರಮಾಣ', ಹೆಚ್ಚೆಂದರೆ 1 ವರ್ಷ. ಅಂದ್ರೆ ಕೊಂಡು ಇಟ್ಟುಕೊಂಡವನಿಗಿಂತ ಅಪ್ಪನಿಗೆ ಅಂತ ಬೆಳೆದವನಿಗೆ ಕಾನೂನು ಹೆಚ್ಚು ಕಠಿಣ. ಇದು ಸರಿ ಅಂತ ನನಗೂ ಅನ್ನಿಸಲ್ಲ, ಆದರೆ ಇರೋದು ಹಾಗೆ.

ನಾನು ಬಳ್ಳಾರಿಯಲ್ಲಿ ಕ್ರಿಮಿನಲ್ ಕೇಸು ನಡೆಸುವವನು. ಇಂಥ ಪಂಚನಾಮೆಗಳನ್ನು ಓದೋದು ನನ್ನ ದಿನನಿತ್ಯದ ಕೆಲಸ. ಒಂದರಲ್ಲಿ ಹೀಗಿತ್ತು: ತೊಗರಿ ಸಾಲಿನ ನಡುವೆ ಗಿಡ ಸಿಕ್ಕವು, ಬುಡಸಮೇತ ಕಿತ್ತರು, ಬೇರಿಗೆ ಅಂಟಿದ ಎರೆಮಣ್ಣು ಕೊಡವಿದರೋ ಇಲ್ಲವೋ ಎಲ್ಲೂ ಬರೆದಿಲ್ಲ, ಕಾಂಡ, ಟೊಂಗೆ, ಹಸಿ ಎಲೆ, ಹೂ ಎಲ್ಲ ಒಂದೇ ಗೋಣಿಚೀಲಕ್ಕೆ ತುಂಬಿದರು, ಊರಿನ ಕಿರಾಣಿ ಅಂಗಡಿಯಿಂದ ತಕ್ಕಡಿ ತರಿಸಿ ತೂಗಿದರು, ಬಂದ ತೂಕವನ್ನೆಲ್ಲ 'ಗಾಂಜಾ' ಅಂತ ಬರೆದರು. ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಬರಲ್ಲ. ಕಾಂಡ, ಬೇರು, ಮಣ್ಣು ಎಲ್ಲಿಂದ ಬರಬೇಕು? ಆದರೂ ಆ ತೂಕ 20 ಕಿಲೋ ದಾಟಿಬಿಟ್ಟರೆ 'ವಾಣಿಜ್ಯ ಪ್ರಮಾಣ' ಅಂತ ಹಾಕ್ತಾರೆ. ಆಗ ಸೆಕ್ಷನ್ 37 ಅಡ್ಡ ಬರುತ್ತೆ: ಇವನು ತಪ್ಪಿತಸ್ಥ ಅಲ್ಲ ಅಂತ ನಂಬಲು ಕಾರಣ ಇದೆ ಅಂತ ಕೋರ್ಟಿಗೆ ಅನ್ನಿಸದ ಹೊರತು ಜಾಮೀನು ಇಲ್ಲ. ತುದಿ ಎಷ್ಟು, ಉಳಿದದ್ದು ಎಷ್ಟು ಅಂತ ವಾದ ಮಾಡಿ ಬಿಡಿಸಿಕೊಂಡು ಬರುವಷ್ಟರಲ್ಲಿ ಒಂದು ಮುಂಗಾರು, ಒಂದು ಹಿಂಗಾರು ಹೋಗಿರುತ್ತೆ. ನಿಮ್ಮ ಅಪ್ಪನಿಗೆ ಈಗ ಬೇಕಿರೋದು ಪಕ್ಕದಲ್ಲಿ ಕೂತಿರೋ ಮಗ.

ಇನ್ನೊಂದು ಮಾತು. ಹೊಲವನ್ನು ಲಾವಣಿಗೆ ಕೊಟ್ಟಿದ್ದರೆ ಅದನ್ನೂ ಆಗಾಗ ನೋಡಿಕೊಳ್ಳಿ. ಸೆಕ್ಷನ್ 46ರ ಪ್ರಕಾರ ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಗಿಡ ಬೆಳೆಸಿದ್ದು ಕಂಡರೆ ಕೂಡಲೇ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸುವುದು ಹೊಲದವನ ಕರ್ತವ್ಯ. ಗೊತ್ತಿದ್ದೂ ಸುಮ್ನೆ ಇದ್ದರೆ ಅದೇ ಅಪರಾಧ. ಪಹಣಿಯಲ್ಲಿ ಯಾರ ಹೆಸರು ಇದೆಯೋ ಮೊದಲು ಅವರ ಮನೆ ಬಾಗಿಲಿಗೇ ಬರ್ತಾರೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಅಮೆರಿಕದ ವಿಷಯ ಕೇಳಿದ್ದೀರಿ, ಅಲ್ಲಿ ನಿಜಕ್ಕೂ ಏನಾಯ್ತು ಅಂತ ತಿಳಿದುಕೊಂಡರೆ ನಮ್ಮ ಸ್ಥಿತಿ ಚೆನ್ನಾಗಿ ಅರ್ಥ ಆಗುತ್ತೆ.

1996ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ, ಡಾಕ್ಟರ ಸಲಹೆ ಇದ್ದರೆ ರೋಗಿ ಗಾಂಜಾ ಬೆಳೆದು ಬಳಸಬಹುದು ಅಂತ ರಾಜ್ಯದ ಕಾನೂನು ಮಾಡಿಕೊಂಡರು. ಆದರೆ ಅವರ ಕೇಂದ್ರ ಸರ್ಕಾರದ 1970ರ ಕಾಯ್ದೆಯಲ್ಲಿ ಗಾಂಜಾ ಆಗ ಮೊದಲನೇ ಪಟ್ಟಿಯಲ್ಲಿತ್ತು. ಆ ಪಟ್ಟಿಗೆ ಸೇರಿದ್ದಕ್ಕೆ ಒಪ್ಪಿತ ವೈದ್ಯಕೀಯ ಉಪಯೋಗವೇ ಇಲ್ಲ ಅಂತ ಅರ್ಥ. ಹಾಗಾಗಿ ರಾಜ್ಯ ಸರಿ ಅಂದದ್ದನ್ನೇ ಕೇಂದ್ರ ಅಪರಾಧ ಅಂದಿತು. 2002ರಲ್ಲಿ ಡಯಾನ್ ಮಾನ್ಸನ್ ಎಂಬ ರೋಗಿಯ ಮನೆಗೆ ಅಧಿಕಾರಿಗಳು ಬಂದರು. ಸ್ಥಳೀಯ ಅಧಿಕಾರಿಗಳು, ರಾಜ್ಯದ ಕಾನೂನಿನಂತೆ ಇವರದ್ದು ಸರಿಯಿದೆ ಅಂದರು. ಕೇಂದ್ರದ ಏಜೆಂಟರು ಮಾತ್ರ ಆಕೆಯ 6 ಗಿಡಗಳನ್ನು ಕಿತ್ತು ನಾಶ ಮಾಡಿದರು. ಆಕೆ ಮತ್ತು ಏಂಜೆಲ್ ರೈಚ್ ಎಂಬ ಇನ್ನೊಬ್ಬ ರೋಗಿ ಕೋರ್ಟಿಗೆ ಹೋದರು. 2005ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6-3ರಲ್ಲಿ ಕೇಂದ್ರದ ಪರ ತೀರ್ಪು ಕೊಟ್ಟಿತು. ಅದೇ ಗೊನ್ಸಾಲೆಸ್ ವಿರುದ್ಧ ರೈಚ್ ಪ್ರಕರಣ.

ಅಲ್ಲಿ ವಾದ ನಡೆದದ್ದು ಗಾಂಜಾ ಔಷಧವೋ ಅಲ್ಲವೋ ಅನ್ನೋದರ ಮೇಲೆ ಅಲ್ಲ. ಅವರ ಸಂವಿಧಾನದಲ್ಲಿ ಕೇಂದ್ರಕ್ಕೆ ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಇದೆ. ಮನೆಯಲ್ಲಿ ಬೆಳೆದು ತಾನೇ ಬಳಸುವ ಗಿಡ ವ್ಯಾಪಾರ ಹೇಗಾಗುತ್ತೆ ಅನ್ನೋದೇ ಪ್ರಶ್ನೆ. ಕೋರ್ಟು 1942ರ ಒಂದು ಹಳೇ ತೀರ್ಪನ್ನು ಎತ್ತಿಕೊಂಡಿತು. ಓಹಿಯೋದ ಫಿಲ್‌ಬರ್ನ್ ಎಂಬ ರೈತ ಸರ್ಕಾರ ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ಗೋಧಿ ಬೆಳೆದಿದ್ದ. ಅದು ನನ್ನ ಮನೆಗೆ, ನನ್ನ ದನಕರುಗಳಿಗೆ ಅಂದ. ನೀನು ಬೆಳೆದುಕೊಂಡರೆ ಪೇಟೆಯಲ್ಲಿ ಕೊಳ್ಳಲ್ಲ, ನಿನ್ನಂಥವರು ಎಲ್ಲರೂ ಸೇರಿದರೆ ಪೇಟೆಯ ದರಕ್ಕೆ ಪೆಟ್ಟು, ಆದ್ದರಿಂದ ಕೇಂದ್ರ ತಡೆಯಬಹುದು ಅಂತ ಕೋರ್ಟ್ ಹೇಳಿತ್ತು. ಅದೇ ತರ್ಕವನ್ನು 6 ಗಾಂಜಾ ಗಿಡಕ್ಕೂ ಹಚ್ಚಿದರು. ಒಪ್ಪದ ಮೂವರು ನ್ಯಾಯಮೂರ್ತಿಗಳಲ್ಲಿ ಕ್ಲಾರೆನ್ಸ್ ಥಾಮಸ್ ಒಬ್ಬರು. ಕೊಂಡಿಲ್ಲ, ಮಾರಿಲ್ಲ, ರಾಜ್ಯದ ಗಡಿ ದಾಟಿಲ್ಲ, ಇದನ್ನೂ ಕೇಂದ್ರ ಹಿಡಿಯಬಹುದು ಅಂದ್ರೆ ಅದು ಹಿಡಿಯಲಾಗದ್ದು ಏನೂ ಉಳಿಯಲ್ಲ ಅನ್ನೋದು ಅವರ ವಾದದ ಸಾರ. ಅಂಗಳದಲ್ಲಿ ಬೆಳೆದದ್ದರ ಮೇಲೆ ದೇಶದ ರಾಜಧಾನಿಗೆ ಎಷ್ಟು ಹಕ್ಕು ಅನ್ನೋ ಪ್ರಶ್ನೆಗೆ ಇದಕ್ಕಿಂತ ನೇರವಾದ ಮಾತು ಸಿಗೋದು ಕಷ್ಟ.

ಅದಕ್ಕೂ ಮುಂಚೆ, 2001ರಲ್ಲಿ, 'ಜೀವ ಉಳಿಸಿಕೊಳ್ಳಲು ಬೇಕೇ ಬೇಕಿತ್ತು' ಅನ್ನೋ ವಾದವನ್ನೂ ಓಕ್‌ಲ್ಯಾಂಡಿನ ಒಂದು ಸಹಕಾರ ಸಂಘದ ಪ್ರಕರಣದಲ್ಲಿ 8-0ರಲ್ಲಿ ತಳ್ಳಿಹಾಕಿದ್ದರು. ಹಾಗಾದರೆ ಅಲ್ಲಿ ಇವತ್ತು ಅಷ್ಟೊಂದು ರಾಜ್ಯಗಳಲ್ಲಿ ಔಷಧದ ಗಾಂಜಾ ಹೇಗೆ ನಡೆಯುತ್ತಿದೆ? ಕೋರ್ಟಿನಿಂದ ಅಲ್ಲ. 2014ರ ಡಿಸೆಂಬರ್‌ನಲ್ಲಿ ಅವರ ಸಂಸತ್ತು ಬಜೆಟ್ಟಿಗೆ ಒಂದು ಷರತ್ತು ಸೇರಿಸಿತು: ರಾಜ್ಯಗಳ ವೈದ್ಯಕೀಯ ಗಾಂಜಾ ಕಾನೂನಿಗೆ ಅಡ್ಡಿಪಡಿಸಲು ಕೇಂದ್ರದ ನ್ಯಾಯ ಇಲಾಖೆ ದುಡ್ಡು ಖರ್ಚು ಮಾಡುವ ಹಾಗಿಲ್ಲ. ನಿಷೇಧದ ಕಾನೂನು ಹಾಗೇ ಉಳಿಯಿತು, ಜಾರಿ ಮಾಡುವ ಕೈ ಮಾತ್ರ ಕಟ್ಟಿತು. ಊರಲ್ಲಿ ಹೇಳೋ 'ಡಾಕ್ಟರೇ ಬರೆದುಕೊಡ್ತಾರೆ' ಅನ್ನೋದೂ ಪೂರ್ತಿ ನಿಜ ಅಲ್ಲ. ಅಲ್ಲಿನ ಡಾಕ್ಟರು ಗಾಂಜಾಕ್ಕೆ ಔಷಧ ಚೀಟಿ ಬರೆಯುವಂತಿಲ್ಲ, ಸಲಹೆ ಕೊಡಬಹುದು. ಆ ಸಲಹೆ ಕೊಡುವುದು ಡಾಕ್ಟರ ವಾಕ್ ಸ್ವಾತಂತ್ರ್ಯ ಅಂತ 2002ರಲ್ಲಿ ಕೆಳಗಿನ ಒಂದು ಮೇಲ್ಮನವಿ ಕೋರ್ಟು ಹೇಳಿತು.

ಇಷ್ಟುದ್ದ ಹೇಳಿದ್ದು ಯಾಕಂದ್ರೆ ನಮ್ಮಲ್ಲಿ ಜನ ಆ ಜಗಳವನ್ನು ಹಾಗೇ ಎತ್ತಿ ತಂದು ಇಲ್ಲಿಗೆ ಹಚ್ಚುತ್ತಾರೆ. ಹಚ್ಚಿದರೆ ಹೊಂದಲ್ಲ. ನಮ್ಮ ಸಂವಿಧಾನ ಬೇರೆ, ನಮ್ಮ ಕಾಯ್ದೆಯೂ ಬೇರೆ.

ನಮ್ಮಲ್ಲಿ ಕೇಂದ್ರಕ್ಕೆ ಅಧಿಕಾರ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆ ಹೆಚ್ಚು ಕಾಲ ನಿಲ್ಲಲ್ಲ. 'ಔಷಧ ಮತ್ತು ವಿಷಗಳು' ಅನ್ನೋದು ಸಮವರ್ತಿ ಪಟ್ಟಿಯ 19ನೇ ವಿಷಯ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು, ಎರಡಕ್ಕೂ ತಿಕ್ಕಾಟ ಬಂದರೆ 254ನೇ ವಿಧಿಯಂತೆ ಕೇಂದ್ರದ್ದೇ ನಿಲ್ಲುತ್ತೆ. ಅದರ ಮೇಲೆ 253ನೇ ವಿಧಿ ಇದೆ: ಅಂತರರಾಷ್ಟ್ರೀಯ ಒಪ್ಪಂದ ಜಾರಿ ಮಾಡಲು ಸಂಸತ್ತು ಯಾವ ವಿಷಯದ ಮೇಲೂ ಕಾನೂನು ಮಾಡಬಹುದು. 1961ರ ಮಾದಕ ವಸ್ತು ಒಪ್ಪಂದಕ್ಕೆ ಭಾರತ ಸೇರಿದೆ. 1985ರ ಎನ್‌ಡಿಪಿಎಸ್ ಕಾಯ್ದೆ ಬಂದದ್ದೇ ಆ ದಾರಿಯಲ್ಲಿ. ಅದಕ್ಕೂ ಮುಂಚೆ ಗಾಂಜಾ ಬಹುಮಟ್ಟಿಗೆ ಆಯಾ ಸೀಮೆಯ ಅಬಕಾರಿಗೆ ಸೇರಿದ ವಿಷಯವಾಗಿತ್ತು. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ರಾಯಚೂರು-ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿತ್ತು, ಅಂದ್ರೆ ತುಂಗಭದ್ರೆಯ ಈ ದಂಡೆಗೆ ಒಂದು ಕಾನೂನು, ಆ ದಂಡೆಗೆ ಇನ್ನೊಂದು. ಆ ಕಾಲದ ನೆನಪು ಸಂವಿಧಾನದಲ್ಲಿ ಇನ್ನೂ ಇದೆ, ರಾಜ್ಯ ಪಟ್ಟಿಯ 51ನೇ ವಿಷಯದಲ್ಲಿ ಅಫೀಮು, ಗಾಂಜಾಗಳ ಮೇಲೆ ಅಬಕಾರಿ ಸುಂಕ ಹಾಕುವ ಅಧಿಕಾರ ಇವತ್ತಿಗೂ ರಾಜ್ಯದ್ದೇ.

ಆದರೆ ತಡೆಯುವ ಅಧಿಕಾರ ಇದೆ ಅಂದ ಮಾತ್ರಕ್ಕೆ ಔಷಧವನ್ನೂ ತಡೆಯಬಹುದಾ? ಇದು ನಿಮ್ಮ ನಿಜವಾದ ಪ್ರಶ್ನೆ. ಇಲ್ಲಿ ನಮ್ಮ ಸಂವಿಧಾನ ಅಮೆರಿಕದ್ದಕ್ಕಿಂತ ಹೆಚ್ಚು ಮಾತಾಡುತ್ತೆ. 47ನೇ ವಿಧಿಯಲ್ಲಿ, ಆರೋಗ್ಯಕ್ಕೆ ಹಾನಿ ಮಾಡುವ ಮದ್ಯ ಮತ್ತು ಮಾದಕ ವಸ್ತುಗಳನ್ನು ನಿಷೇಧಿಸಲು ಸರ್ಕಾರ ಪ್ರಯತ್ನಿಸಬೇಕು ಅಂತ ಹೇಳುವಾಗಲೇ 'ಔಷಧದ ಉದ್ದೇಶ ಬಿಟ್ಟು' ಅಂತ ಸೇರಿಸಿದ್ದಾರೆ. ನಿಷೇಧ ಮತ್ತು ವಿನಾಯಿತಿ ಎರಡೂ ಒಂದೇ ವಾಕ್ಯದಲ್ಲಿ ಇವೆ.

ಕೋರ್ಟೂ ಇದನ್ನು ಗಂಭೀರವಾಗಿ ತಗೊಂಡ ಉದಾಹರಣೆ ಇದೆ. 1949ರ ಬಾಂಬೆ ಪಾನನಿಷೇಧ ಕಾಯ್ದೆಯನ್ನು ಬಲ್ಸಾರಾ ಎಂಬುವರು ಪ್ರಶ್ನಿಸಿದರು. 1951ರಲ್ಲಿ ಸುಪ್ರೀಂ ಕೋರ್ಟು, ಹೆಂಡ-ಸಾರಾಯಿ ತಡೆಯುವ ಅಧಿಕಾರ ರಾಜ್ಯಕ್ಕೆ ಇದೆ ಅಂತ ಕಾಯ್ದೆಯ ಬಹುಪಾಲನ್ನು ಎತ್ತಿಹಿಡಿಯಿತು. ಆದರೆ ಆಲ್ಕೋಹಾಲ್ ಇರುವ ಔಷಧ ಮತ್ತು ಅಲಂಕಾರ ಸಾಮಗ್ರಿಗಳಿಗೂ ಅದೇ ನಿಷೇಧ ಹಾಕಿದ್ದನ್ನು ಮಾತ್ರ ರದ್ದು ಮಾಡಿತು. ಅಮಲಿಗೆ ಕುಡಿಯೋದು ಬೇರೆ, ಮದ್ದಿಗೆ ಇಟ್ಟುಕೊಳ್ಳೋದು ಬೇರೆ, ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟೋದು ನ್ಯಾಯ ಅಲ್ಲ ಅಂತ. ಆ ತೀರ್ಪು ನಿಂತಿದ್ದ ಆಸ್ತಿಯ ಮೂಲಭೂತ ಹಕ್ಕು 1978ರ ತಿದ್ದುಪಡಿಯಲ್ಲಿ ಹೋಯಿತು, ಹಾಗಾಗಿ ಅದನ್ನು ಇವತ್ತು ಹಾಗೇ ಎತ್ತಿಕೊಂಡು ಗಾಂಜಾಕ್ಕೆ ಹಚ್ಚಲು ಆಗಲ್ಲ. ಆದರೆ ಆರೋಗ್ಯದ ಹಕ್ಕು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟುಗಳು ಪದೇ ಪದೇ ಹೇಳಿವೆ. ಬಲ್ಸಾರಾ ಪ್ರಕರಣದ ಆ ಭೇದವನ್ನು 21ರ ಮೇಲೆ ನಿಲ್ಲಿಸಿ ವಾದಿಸುವುದಕ್ಕೆ ದಾರಿ ಇದೆ ಅಂತಲೇ ನಾನು ನಂಬಿದ್ದೇನೆ. ಇನ್ನೊಂದು ಕಡೆ, ಅಮಲಿನ ವಸ್ತುವಿನ ವ್ಯಾಪಾರ ಮಾಡುವುದು ಮೂಲಭೂತ ಹಕ್ಕಲ್ಲ ಅಂತ ಕರ್ನಾಟಕದಿಂದಲೇ ಹೋದ ಖೋಡೇಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮಾರುವವನು ಕೋರ್ಟಿಗೆ ಹೋದರೆ ಗೆಲ್ಲೋದು ಕಷ್ಟ. ರೋಗಿ ಹೋದರೆ ಕೋರ್ಟು ಕನಿಷ್ಠ ಕೇಳಿಸಿಕೊಳ್ಳುತ್ತೆ.

ಈಗ ಕಾಯ್ದೆಯನ್ನೇ ತೆರೆದು ನೋಡೋಣ. ತುಂಬಾ ಜನ, ವಕೀಲರೂ ಸೇರಿ, ಸೆಕ್ಷನ್ 20ರ ಶಿಕ್ಷೆ ಓದಿ ಪುಸ್ತಕ ಮುಚ್ಚಿಬಿಡುತ್ತಾರೆ.

ಸೆಕ್ಷನ್ 8 ನಿಷೇಧದ ಸೆಕ್ಷನ್. ಬೆಳೆಯಬಾರದು, ಇಟ್ಟುಕೊಳ್ಳಬಾರದು, ಮಾರಬಾರದು, ಬಳಸಬಾರದು. ಆದರೆ ಅದೇ ಸೆಕ್ಷನ್ನಿನಲ್ಲಿ 'ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ ಹೊರತುಪಡಿಸಿ' ಅಂತ ಇದೆ. ಅದರ ಹಿಂದೆಯೇ ಇನ್ನೊಂದು ಷರತ್ತು: ಆ ವಿನಾಯಿತಿಯೂ ಕಾಯ್ದೆ ಮತ್ತು ನಿಯಮಗಳು ಹೇಳಿದ ರೀತಿಯಲ್ಲಿ, ಹೇಳಿದಷ್ಟು ಮಾತ್ರ. ಇಡೀ ಸಮಸ್ಯೆ ಇಲ್ಲೇ ಇದೆ. ವಿನಾಯಿತಿ ಕಾಯ್ದೆಯಲ್ಲಿದೆ, ಅದನ್ನು ರೋಗಿಯ ಕೈಗೆ ಮುಟ್ಟಿಸುವ ನಿಯಮ ಇಲ್ಲ. 'ನನ್ನದು ವೈದ್ಯಕೀಯ ಉದ್ದೇಶ' ಅಂತ ನೀವೇ ಹೇಳಿಕೊಂಡರೆ ಸಾಲದು, ಲೈಸೆನ್ಸೋ ಪರ್ಮಿಟ್ಟೋ ಇರಬೇಕು. ಡಾಕ್ಟರು ಬರೆದ ಚೀಟಿ ಇದ್ದರೂ ಬೀದಿಯಲ್ಲಿ ಕೊಂಡ ಗಾಂಜಾ ಸಕ್ರಮ ಆಗಲ್ಲ.

ನಿಯಮ ಯಾರು ಮಾಡಬೇಕು? ಸೆಕ್ಷನ್ 10 ಓದಿ. ಗಾಂಜಾ ಗಿಡ ಬೆಳೆಸುವುದು, ಗಾಂಜಾ ತಯಾರಿಕೆ, ಸ್ವಾಧೀನ, ಸಾಗಣೆ, ಮಾರಾಟ, ಕೊಳ್ಳುವುದು, ಬಳಸುವುದು, ಇವಕ್ಕೆಲ್ಲ ನಿಯಮ ಮಾಡಿ ಅನುಮತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ, ಚರಸ್ ಒಂದು ಬಿಟ್ಟು. ಕೇಂದ್ರದ ಕಾಯ್ದೆಯೇ ರಾಜ್ಯದ ಕೈಗೆ ಪೆನ್ನು ಕೊಟ್ಟಿದೆ. ಕ್ಯಾಲಿಫೋರ್ನಿಯಾಕ್ಕೆ ಇಂಥದ್ದು ಇರಲಿಲ್ಲ, ಅದಕ್ಕೇ ಅದು ಕೇಂದ್ರದ ಎದುರು ಸೋತಿತು. ಕರ್ನಾಟಕ ಔಷಧಕ್ಕೆ ಅಂತ ನಿಯಮ ಮಾಡಿದರೆ ಅದು ಕೇಂದ್ರದ ವಿರುದ್ಧ ಹೋದಂತೆ ಅಲ್ಲ, ಕೇಂದ್ರದ ಕಾಯ್ದೆಯ ಒಳಗೇ ನಡೆದಂತೆ. ನಿಮ್ಮ ಎರಡನೇ ಪ್ರಶ್ನೆಗೆ ಇದೇ ಉತ್ತರ: ಹೌದು, ರಾಜ್ಯ ಮನಸ್ಸು ಮಾಡಬಹುದು.

ಆದರೆ ಪೂರ್ತಿ ಅಲ್ಲ. ನಿಮಗೆ ಊರಿನವರು ಹೇಳಿದ್ದು 'ಎಣ್ಣೆ'. ಗಿಡದ ಅಂಟನ್ನು ಬೇರ್ಪಡಿಸಿದರೆ ಅದು ಚರಸ್, ಗಟ್ಟಿ ಮಾಡಿದ ಹಶೀಶ್ ಎಣ್ಣೆಯೂ ಕಾಯ್ದೆಯ ಪ್ರಕಾರ ಚರಸ್ಸೇ. ಅದಕ್ಕೆ ಸಣ್ಣ ಪ್ರಮಾಣ 100 ಗ್ರಾಂ, ವಾಣಿಜ್ಯ ಪ್ರಮಾಣ ಬರೀ 1 ಕಿಲೋ. ಅದು ಸೆಕ್ಷನ್ 10ರಲ್ಲಿ ರಾಜ್ಯದ ಕೈಯಲ್ಲಿ ಇಲ್ಲ. ಹಾಗಂತ ಸಾರ ತೆಗೆದ ಔಷಧಕ್ಕೆ ದಾರಿಯೇ ಇಲ್ಲ ಅಂತಲೂ ಅಲ್ಲ. ಅದೇ ಕಾಯ್ದೆಯ ಸೆಕ್ಷನ್ 2ರಲ್ಲಿ 'ಔಷಧೀಯ ಗಾಂಜಾ' ಅಂತ ಒಂದು ವ್ಯಾಖ್ಯೆ ಇದೆ, ಗಾಂಜಾದ ಯಾವುದೇ ಸಾರ ಅಥವಾ ಟಿಂಕ್ಚರ್ ಅಂತ. ಅದನ್ನು ನೋವಿಗೆ ಕೊಡುವ, ಅಫೀಮಿನಿಂದ ತೆಗೆದ ಮಾರ್ಫಿನ್‌ನಂಥವುಗಳ ಜೊತೆ 'ತಯಾರಿಸಿದ ಔಷಧ'ಗಳ ಗುಂಪಿಗೆ ಹಾಕಿದ್ದಾರೆ. ತಯಾರಿಕೆಗೆ ಅನುಮತಿ ಕೇಂದ್ರದ ಕೈಯಲ್ಲಿ, ಅದರ ಸ್ವಾಧೀನ, ಮಾರಾಟ, ಬಳಕೆ ರಾಜ್ಯದ ಕೈಯಲ್ಲಿ. ಅಂದ್ರೆ ಸಂಸತ್ತು 1985ರಲ್ಲೇ ಇಂಥ ಒಂದು ಔಷಧ ಇರಬಹುದು ಅಂತ ಊಹಿಸಿ, ಹೆಸರಿಟ್ಟು, ಜಾಗ ಬಿಟ್ಟಿದೆ. ಕಾಯ್ದೆಗೆ ಅದು ಔಷಧ ಅಂತ ಗೊತ್ತು, ರೋಗಿಗೆ ಸಿಗುವ ವ್ಯವಸ್ಥೆ ಮಾಡಿಲ್ಲ. ನನಗೆ ಸಿಟ್ಟು ಬರೋದು ನಿಷೇಧದ ಮೇಲೆ ಅಲ್ಲ, ಈ ನಿರ್ಲಕ್ಷ್ಯದ ಮೇಲೆ.

ಅಂತರರಾಷ್ಟ್ರೀಯ ಒಪ್ಪಂದ ಬಿಡಲ್ಲ ಅಂತ ಕೆಲವರು ಹೇಳ್ತಾರೆ. ಆ ಒಪ್ಪಂದವೂ ವೈದ್ಯಕೀಯ, ವೈಜ್ಞಾನಿಕ ಬಳಕೆಯನ್ನು ತಡೆಯಲ್ಲ. ಮೇಲಾಗಿ 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ನಾಲ್ಕನೇ ಪಟ್ಟಿಯಿಂದ ತೆಗೆಯಿತು. ಪರ 27 ಮತ, ವಿರುದ್ಧ 25. ಪರ ಮತ ಹಾಕಿದವರಲ್ಲಿ ಭಾರತವೂ ಇತ್ತು.

ಬೇರೆ ರಾಜ್ಯಗಳು ಏನು ಮಾಡಿವೆ ಅಂತ ಕೇಳಬಹುದು. ಉತ್ತರಾಖಂಡ 2018ರಲ್ಲಿ ನಾರು-ಬೀಜಕ್ಕಾಗಿ ಅಮಲು ಕಡಿಮೆ ಇರೋ ತಳಿ ಬೆಳೆಯಲು ಲೈಸೆನ್ಸ್ ಕೊಟ್ಟಿತು. ಹಿಮಾಚಲ ವಿಧಾನಸಭೆ 2024ರಲ್ಲಿ ಔಷಧ ಮತ್ತು ಕೈಗಾರಿಕೆಗಾಗಿ ನಿಯಂತ್ರಿತ ಬೆಳೆಗೆ ಒಪ್ಪಿತು. ಸಿಎಸ್‌ಐಆರ್‌ಗೆ (ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ) ಸೇರಿದ ಜಮ್ಮುವಿನ ಸಂಶೋಧನಾ ಸಂಸ್ಥೆ ಲೈಸೆನ್ಸ್ ಪಡೆದು ಔಷಧ ಸಂಶೋಧನೆಗೇ ಬೆಳೆಯುತ್ತಿದೆ. ದಾರಿ ಇದೆ ಅನ್ನೋದಕ್ಕೆ ಇಷ್ಟು ಸಾಕು.

ನಿಯಮ ಇಲ್ಲದಿದ್ದರೆ ಏನಾಗುತ್ತೆ, ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಮಾರ್ಫಿನ್ ಕತೆ ನೋಡಿ. ಮಾರ್ಫಿನ್ ಎಂದೂ ನಿಷೇಧ ಆಗಿರಲಿಲ್ಲ. ಆದರೆ 1985ರ ನಂತರ ಅದನ್ನು ಇಡಬೇಕಾದ ಆಸ್ಪತ್ರೆಗೆ ಒಂದರ ಮೇಲೊಂದು ಲೈಸೆನ್ಸ್ ಬೇಕಾಯಿತು. ಒಂದು ಇಲಾಖೆ ಕೊಡುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಸಣ್ಣ ತಪ್ಪಾದರೂ ಜೈಲು ಅನ್ನೋ ಭಯಕ್ಕೆ ಔಷಧ ಅಂಗಡಿಗಳು ಇಡುವುದನ್ನೇ ಬಿಟ್ಟವು. ಅಫೀಮು ಬೆಳೆದು ಜಗತ್ತಿಗೆ ಮಾರುವ ನಮ್ಮ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ಕೂಗಿಕೊಂಡು ಸತ್ತರು. ಕೇರಳದ ಡಾಕ್ಟರ್ ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. 'ಅಗತ್ಯ ಮಾದಕ ಔಷಧ' ಅನ್ನೋ ಹೊಸ ಗುಂಪು ಮಾಡಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೋಡೀನ್ ಮುಂತಾದ 6 ಔಷಧಗಳನ್ನು ಸೇರಿಸಿದರು, ದೇಶಕ್ಕೆಲ್ಲ ಒಂದೇ ನಿಯಮ, ಮಾನ್ಯತೆ ಪಡೆದ ಆಸ್ಪತ್ರೆ ಇಟ್ಟುಕೊಳ್ಳಬಹುದು ಅಂತ ಮಾಡಿದರು. ಮಾದಕ ವಸ್ತುವಿನ ದುರ್ಬಳಕೆ ತಡೆಯುವುದರ ಜೊತೆ ವೈದ್ಯಕೀಯ ಬಳಕೆ ಆಗುವಂತೆ ನೋಡಿಕೊಳ್ಳುವುದೂ ಸರ್ಕಾರದ ಕರ್ತವ್ಯ ಅಂತ ಸೆಕ್ಷನ್ 4ರಲ್ಲಿ ಸೇರಿಸಿದರು. ಔಷಧದ ಗಾಂಜಾ ಬಗ್ಗೆ ಯಾರಾದರೂ ಹೈಕೋರ್ಟಿಗೆ ಹೋಗುವುದಾದರೆ ನಾನು ಮೊದಲು ಓದುವ ಸಾಲು ಅದೇ.

ಭಂಗಿ ಸೊಪ್ಪಿನ ಮಾತೂ ಹೇಳಿಬಿಡಬೇಕು, ಯಾಕಂದ್ರೆ ಜಾತ್ರೆಗಳಲ್ಲಿ ಸಿಗುತ್ತೆ, ಅದು ಸಕ್ರಮ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. 2022ರಲ್ಲಿ ನಮ್ಮ ಹೈಕೋರ್ಟು ಬೆಂಗಳೂರಿನ ಒಂದು ಪ್ರಕರಣದಲ್ಲಿ 29 ಕಿಲೋ ಭಂಗಿ ಸಿಕ್ಕವನಿಗೆ ಜಾಮೀನು ಕೊಟ್ಟಿತು. ಎಲೆಯಿಂದ ಮಾಡಿದ ಭಂಗಿ ಎನ್‌ಡಿಪಿಎಸ್ ಕಾಯ್ದೆಯ ಗಾಂಜಾ ಅಲ್ಲ, ಇದನ್ನು ಗಾಂಜಾದಿಂದಲೋ ಚರಸ್ಸಿನಿಂದಲೋ ಮಾಡಿದ್ದು ಅಂತ ತೋರಿಸಿಲ್ಲ ಅನ್ನೋದು ಕಾರಣ. ಅದು ಜಾಮೀನು ಆದೇಶ, ಪರವಾನಗಿ ಅಲ್ಲ. ಎಲೆ ಜೊತೆ ಒಂದಿಷ್ಟು ಹೂ ಸೇರಿದ್ದರೂ ಕತೆ ಬದಲಾಗುತ್ತೆ, ಅದು ಗೊತ್ತಾಗೋದು ಪ್ರಯೋಗಾಲಯದ ವರದಿ ಬಂದ ಮೇಲೆ.

ಆದರೆ ಇದೇ ಎಲೆಯ ಭೇದದಿಂದ ಒಂದು ಸಕ್ರಮ ಬಾಗಿಲು ಇದೆ. ಆಯುರ್ವೇದದಲ್ಲಿ 'ವಿಜಯಾ' ಅಂತ ಕರೆಯೋದು ಇದನ್ನೇ. ಔಷಧ ಮತ್ತು ಪ್ರಸಾಧನ ಸಾಮಗ್ರಿ ನಿಯಮಗಳ ಇ-1 ಷೆಡ್ಯೂಲ್‌ನಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲೇ ಕೊಡಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿ ಇದೂ ಇದೆ. ವಿಜಯಾ ಎಲೆಯ ಸಾರದಿಂದ ಲೈಸೆನ್ಸ್ ಪಡೆದು ತಯಾರಿಸಿದ ಆಯುರ್ವೇದ ಔಷಧಗಳು ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. ನೋಂದಾಯಿತ ವೈದ್ಯರು ಅಪ್ಪನನ್ನು ನೋಡಿ ಬರೆದುಕೊಟ್ಟರೆ, ಸೀಸೆಯ ಮೇಲೆ ತಯಾರಿಕಾ ಲೈಸೆನ್ಸ್ ನಂಬರ್ ಮತ್ತು ವೈದ್ಯರ ಮೇಲ್ವಿಚಾರಣೆಯ ಎಚ್ಚರಿಕೆ ಇದ್ದರೆ, ತಗೊಳ್ಳಿ, ಬಿಲ್ಲು-ಚೀಟಿ ಎರಡನ್ನೂ ಇಟ್ಟುಕೊಳ್ಳಿ. ಲೇಬಲ್ ಇಲ್ಲದ ಸೀಸೆ ಯಾರು ಕೊಟ್ಟರೂ ಬೇಡ. ಮತ್ತೆ, ಇದನ್ನು ಕೊಡ್ತಿದ್ದೀವಿ ಅಂತ ಕ್ಯಾನ್ಸರ್ ಡಾಕ್ಟರಿಗೆ ಹೇಳದೆ ಇರಬೇಡಿ. ರಕ್ತ ತೆಳು ಮಾಡುವ ವಾರ್ಫರಿನ್, ಕೆಲವು ಫಿಟ್ಸ್ ಮಾತ್ರೆಗಳ ಜೊತೆ ಇದರ ಅಂಶಗಳು ತಾಕಲಾಡುತ್ತವೆ.

ಗಾಂಜಾದ ಅಂಶಗಳಿಗೆ ಔಷಧ ಗುಣ ಇರೋದು ನಿಜ. ಕೀಮೋ ವಾಂತಿಗೆ ಡ್ರೊನಾಬಿನಾಲ್, ಮಕ್ಕಳ ಕೆಲವು ಕಠಿಣ ಫಿಟ್ಸ್‌ಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಪಿಡಿಯೋಲೆಕ್ಸ್, ಇವೆಲ್ಲ ಅಳತೆ ಗೊತ್ತಿರುವ, ಪರೀಕ್ಷೆ ಆದ ಔಷಧಗಳು. ಹಳ್ಳಿಯಲ್ಲಿ ಯಾರೋ ಕುದಿಸಿದ ಎಣ್ಣೆ ಇವುಗಳ ಸಾಲಿಗೆ ಬರಲ್ಲ. ಅದರಲ್ಲಿ ಎಷ್ಟು ಅಮಲು ಇದೆ ಅಂತ ಮಾಡಿದವನಿಗೂ ಗೊತ್ತಿರಲ್ಲ. ವಯಸ್ಸಾದವರಿಗೆ ಅದರಿಂದ ಗೊಂದಲ, ತಲೆಸುತ್ತು, ರಾತ್ರಿ ಎದ್ದು ಬೀಳುವುದು ಆಗಬಹುದು, ಮೂಳೆಗೆ ಹರಡಿದವರು ಬಿದ್ದರೆ ಅದು ಇನ್ನೊಂದು ಆಪತ್ತು.

ಮೂಳೆ ನೋವಿಗೆ ಈಗ ಸಕ್ರಮವಾಗಿ, ಕಡಿಮೆ ಖರ್ಚಿನಲ್ಲಿ ಸಿಗಬಹುದಾದದ್ದು ಮಾರ್ಫಿನ್ ಮಾತ್ರೆ. ಇಷ್ಟು ದಿನದಲ್ಲಿ ಯಾರೂ ನಿಮಗೆ ಅದರ ಹೆಸರು ಹೇಳಿಲ್ಲ ಅಂತ ನಿಮ್ಮ ಪತ್ರದಿಂದ ಅನ್ನಿಸಿತು. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೋ, ಅಪ್ಪನಿಗೆ ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ ನೇರವಾಗಿ ಕೇಳಿ: ಇಲ್ಲಿ ಪ್ಯಾಲಿಯೇಟಿವ್ ಕೇರ್ (ನೋವು ಇಳಿಸುವ ಆರೈಕೆ) ಇದೆಯಾ, ಮಾರ್ಫಿನ್ ಕೊಡಲು ಮಾನ್ಯತೆ ಇದೆಯಾ, ಇಲ್ಲದಿದ್ದರೆ ಹತ್ತಿರದಲ್ಲಿ ಯಾವ ಆಸ್ಪತ್ರೆಗೆ ಇದೆ? ಕ್ಯಾನ್ಸರ್ ವಾಸಿ ಆಗದಿದ್ದರೂ ನೋವು ಇಳಿಸಬಹುದು. ಮೂಳೆಗೆ ಒಂದೆರಡು ಸಲ ರೇಡಿಯೇಷನ್ ಕೊಟ್ಟರೂ ನೋವು ಕಡಿಮೆ ಆಗೋದುಂಟು, ಅದನ್ನೂ ಕೇಳಿ. ಮಾರ್ಫಿನ್ ಶುರು ಮಾಡಿದ ಮೇಲೆ ಮಲಬದ್ಧತೆ ಆಗೇ ಆಗುತ್ತೆ, ಅದಕ್ಕೆ ಮಾತ್ರೆ ಜೊತೆಗೇ ಬರೆಸಿಕೊಳ್ಳಿ. ಚಟ ಹತ್ತುತ್ತೆ ಅಂತ ನೆಂಟರು ಹೆದರಿಸ್ತಾರೆ, ನೋವಿಗೆ ಡಾಕ್ಟರ ಅಳತೆಯಲ್ಲಿ ಕೊಡುವಾಗ ಆ ಭಯಕ್ಕೆ ಅಪ್ಪನನ್ನು ನರಳಿಸಬೇಡಿ.

ಕಾನೂನಿನ ದಾರಿ ಹಿಡಿಯಬೇಕು ಅಂತ ಮನಸ್ಸಿದ್ದರೆ ಅದೂ ಇದೆ, ನಿಧಾನದ್ದು. ಸೆಕ್ಷನ್ 4, 8 ಮತ್ತು 10 ಹೆಸರಿಸಿ, ರೋಗಿಗಳಿಗೆ ಔಷಧೀಯ ಗಾಂಜಾ ಸಿಗುವಂತೆ ನಿಯಮ ಮಾಡಿ ಅಂತ ರಾಜ್ಯದ ಆರೋಗ್ಯ ಮತ್ತು ಅಬಕಾರಿ ಇಲಾಖೆಗಳಿಗೆ ಮನವಿ ಕೊಡಿ, ಅಪ್ಪನ ವೈದ್ಯಕೀಯ ದಾಖಲೆ ಲಗತ್ತಿಸಿ, ಸ್ವೀಕೃತಿ ತಗೊಳ್ಳಿ. ಉತ್ತರ ಬರದಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ರಾಯಚೂರು ಜಿಲ್ಲೆಗೆ ಕಲಬುರಗಿ ಪೀಠ, ನಮ್ಮ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ. ನಿಯಮ ಹೀಗೇ ಮಾಡಿ ಅಂತ ಕೋರ್ಟು ಸರ್ಕಾರಕ್ಕೆ ಸಾಮಾನ್ಯವಾಗಿ ಹೇಳಲ್ಲ, ಆದರೆ ಮನವಿಯನ್ನು ಇಷ್ಟು ದಿನದೊಳಗೆ ಪರಿಶೀಲಿಸಿ, ಕಾರಣ ಕೊಟ್ಟು ಉತ್ತರಿಸಿ ಅಂತ ಹೇಳಬಹುದು. ಆ ಕಾರಣ ಕಾಗದದ ಮೇಲೆ ಬಂದರೆ ಮುಂದಿನ ವಾದಕ್ಕೆ ಹಿಡಿಯಲು ಏನಾದರೂ ಸಿಗುತ್ತೆ. ಮನವಿಯ ಕರಡು ನಾನೇ ಬರೆದುಕೊಡ್ತೀನಿ, ಫೀಸು ಬೇಡ. ಆದರೆ ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ. ಹೋಗುವಾಗ ಅಪ್ಪನ ಹಳೇ ಚೀಟಿಗಳು, ಸ್ಕ್ಯಾನ್ ವರದಿ, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ನೋವು ಯಾವ ಹೊತ್ತಿಗೆ ಜಾಸ್ತಿ ಆಗುತ್ತೆ ಅನ್ನೋದನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಮಾರ್ಫಿನ್ ಅಳತೆ ಗೊತ್ತು ಮಾಡುವಾಗ ಡಾಕ್ಟರು ಕೇಳೋದು ಅದನ್ನೇ.